ಆಯಿಯ ಸಂದೂಕ ಮತ್ತು ಕಾರವಾರದ ಹಳೆ ನಾಣ್ಯದ ಅಂಗಡಿ

ಕಾರವಾರದ ಪೇಟೆಯಲ್ಲಿ ಹಳೆಯ ನಾಣ್ಯ ಮತ್ತು ನೋಟುಗಳನ್ನು ಕೊಂಡು ಮಾರುವ ಚಿಕ್ಕದೊಂದು ಅಂಗಡಿಯಿದೆ. 2024ರ ಮಳೆಗಾಲದಲ್ಲಿ ನಾನು ಅಲ್ಲಿಗೆ ಮೂರು ಸಲ ಹೋಗಿಬಂದೆ. ಯಜಮಾನರಿಗೆ ಎಪ್ಪತ್ತು ದಾಟಿದೆ, ಒಬ್ಬರೇ ಕೂತು ನಡೆಸುತ್ತಾರೆ. ಹೆಸರು ಬರೆದರೆ ದೂರದೂರಿನಿಂದ ಬರುವ ಫೋನುಗಳಿಗೆ ಉತ್ತರ ಕೊಡುವುದು ತಮ್ಮಿಂದಾಗದು ಎಂದು ಅವರು ಹೇಳಿದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಕಾಣಿಸಿಲ್ಲ. ರವಿವಾರದ ಸಂತೆಗೆ ಬರುವ ಹಳಬರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಚಲಾವಣೆ ನಿಂತ ಹಣ ಮನೆಯಲ್ಲಿ ಸಿಕ್ಕಾಗ ಅದನ್ನು ಎಲ್ಲಿಗೆ ಒಯ್ಯಬೇಕು, ಯಾವುದಕ್ಕೆ ಬೆಲೆಯಿದೆ, ಯಾವುದಕ್ಕಿಲ್ಲ ಎಂಬುದನ್ನು ಅವರ ಮೇಜಿನ ಮುಂದೆ ಕೂತು ತಿಳಿದಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲಿಯೂ ತಿಳಿಯಲಿಲ್ಲ. ಕೊಳ್ಳುವುದೇ ಕಸುಬಾಗಿರುವ ಆ ವ್ಯಾಪಾರಿ ನಾನು ಒಯ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು, "ತಂಗೀ, ಇದನ್ನು ನನಗೆ ಮಾರಬೇಡ, ಇದು ಇನ್ನೂ ಹಣವೇ" ಎಂದು ನನ್ನ ಕಡೆಗೇ ಸರಿಸಿಬಿಟ್ಟರು. ಈ ಬರಹಕ್ಕೆ ಆ ಮಾತೇ ಕಾರಣ.

ಅಂಕೋಲೆಯ ನಮ್ಮ ಮೂಲಮನೆಯ ಮಾಡಿಗೆ ಹೊಸದಾಗಿ ಹಂಚು ಹೊದೆಸುವಾಗ ಅಟ್ಟದಿಂದ ಆಯಿಯ ಸಂದೂಕ ಕೆಳಗಿಳಿಯಿತು. ಆಯಿ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಹಳೆಯ ಸೀರೆಗಳ ಮಡಿಕೆಯಲ್ಲಿ, ಸಾಸಿವೆ ಡಬ್ಬಿಯಲ್ಲಿ, ಅಜ್ಜನ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕಗಳ ನಡುವೆ ಮೂರು ತಲೆಮಾರಿನ ಹಣ ಬೆರೆತುಹೋಗಿತ್ತು. 2000 ರೂಪಾಯಿಯ ಮೂರು ನೋಟುಗಳು, 2016ರಲ್ಲಿ ರದ್ದಾದ 500ರ ಆರು ಮತ್ತು 1000ದ ಒಂದು, ಒಂದು ಮತ್ತು ಎರಡು ರೂಪಾಯಿಗಳ ಕಟ್ಟು, ಒರಲೆ ತಿಂದ 100ರ ಹನ್ನೊಂದು ನೋಟುಗಳು, ಅಲ್ಯೂಮಿನಿಯಂ ಪೈಸೆಗಳು, ನಾಲ್ಕಾಣೆ ಎಂಟಾಣೆಗಳು, ಅಜ್ಜ 'ಕಲದಾರ' ಎಂದು ಕರೆಯುತ್ತಿದ್ದ ಬ್ರಿಟಿಷರ ಕಾಲದ ರೂಪಾಯಿ ನಾಣ್ಯಗಳು ಹತ್ತು, ಗೋವೆಯ ಕಡೆಯಿಂದ ಬಂದ ಪರಕೀಯ ಬಿಲ್ಲೆಗಳು ನಾಲ್ಕು. ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು. ನಮ್ಮ ಕರಾವಳಿಯ ಮಳೆಯಲ್ಲಿ ಕಾಗದವನ್ನು ಕಾಯುವುದು ಎಷ್ಟು ಕಷ್ಟವೆಂಬುದು ಇಲ್ಲಿಯವರಿಗೆ ಗೊತ್ತೇ ಇದೆ.

ಅಂಗಡಿಗೆ ಹೋಗುವ ಮೊದಲು ನಾವು ಅಲೆದದ್ದನ್ನೂ ಹೇಳಬೇಕು, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಇದೇ ಆಗುತ್ತಿದೆ. ನನ್ನ ಭಾವನ ಮೊಬೈಲಿಗೆ, ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿಯ ನೋಟನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತೇವೆ ಎಂಬ ಜಾಹೀರಾತು ಬಂದಿತ್ತು. ರಿಸರ್ವ್ ಬ್ಯಾಂಕಿನ ಲಾಂಛನವಿದ್ದ ಪತ್ರವೊಂದನ್ನು ತೋರಿಸಿ, ನೋಂದಣಿ ಶುಲ್ಕ, ಆಮೇಲೆ ತೆರಿಗೆ ಎಂದು ಎರಡು ಕಂತಿನಲ್ಲಿ ಅವನಿಂದ 2,600 ರೂಪಾಯಿ ಕಿತ್ತುಕೊಂಡರು. ಹಳೆಯ ನೋಟು ಮತ್ತು ನಾಣ್ಯಗಳ ಮಾರಾಟಕ್ಕಾಗಿ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ ಅಥವಾ ತೆರಿಗೆ ಕೇಳುವವರನ್ನು ನಂಬಬೇಡಿ, ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಪ್ರಕಟಣೆ ಹೊರಡಿಸಿತ್ತು. ನಮಗೆ ಅದು ತಿಳಿದದ್ದು ಹಣ ಹೋದ ಮೇಲೆ. ಆಮೇಲೆ ಒಬ್ಬ ಬಂಗಾರದ ಅಂಗಡಿಯವರು ಸಂದೂಕದಲ್ಲಿದ್ದುದನ್ನೆಲ್ಲ ಒಟ್ಟಿಗೆ ಇಷ್ಟಕ್ಕೆ ಕೊಡಿ ಎಂದರು. ಒಂದು ಬ್ಯಾಂಕ್ ಶಾಖೆಯಲ್ಲಿ, ಒರಲೆ ತಿಂದ ನೋಟುಗಳನ್ನು ನಿಮ್ಮ ಖಾತೆಯಿರುವ ಶಾಖೆಗೇ ಒಯ್ಯಿರಿ ಎಂದು ಕಳುಹಿಸಿದರು.

ಕಾರವಾರದ ಅಂಗಡಿ ಎರಡು ಜನ ಕೂತರೆ ತುಂಬಿಹೋಗುವಷ್ಟು ಕಿರಿದು. ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೊಂದು ಭೂತಗನ್ನಡಿ, ಬಂಗಾರ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ, ದಾರ ಕಟ್ಟಿದ ಆಯಸ್ಕಾಂತದ ತುಂಡು. ಮಾಮ (ಯಜಮಾನರನ್ನು ನಾನು ಕರೆಯುವುದು ಹಾಗೆ) ಮೊದಲು ನನ್ನ ಕೈ ಒರೆಸಿಸಿದರು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮುಖವನ್ನು ಮುಟ್ಟಬಾರದು ಎಂದು ತೋರಿಸಿದರು. ಅನಂತರ ಬೆಲೆಯ ಮಾತೇ ಎತ್ತದೆ, ಒಂದು ಗಂಟೆಗೂ ಹೆಚ್ಚು ಹೊತ್ತು ಪ್ರತಿಯೊಂದನ್ನೂ ನೋಡಿ ಬೇರೆ ಬೇರೆ ಗುಡ್ಡೆ ಮಾಡಿದರು. ಇನ್ನೂ ಚಲಾವಣೆಯಲ್ಲಿರುವುದು ಒಂದು ಕಡೆ, ಲೋಹಕ್ಕೆ ಮಾತ್ರ ಬೆಲೆಯಿರುವುದು ಇನ್ನೊಂದು ಕಡೆ, ಸಂಗ್ರಹಕಾರರು ಕೇಳಿ ಕೊಳ್ಳುವಂಥದ್ದು ಮತ್ತೊಂದು ಕಡೆ, ಯಾವ ಬೆಲೆಯೂ ಇಲ್ಲದ್ದು ಕೊನೆಗೆ. ನೋಡಿ ಹೇಳಿದ್ದಕ್ಕೆ ಅವರು ಒಂದು ಕಾಸನ್ನೂ ತೆಗೆದುಕೊಳ್ಳಲಿಲ್ಲ.

ಮೊದಲ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದಾಯಿತು. ಒಂದು ರೂಪಾಯಿಯ ನೋಟನ್ನು ರಿಸರ್ವ್ ಬ್ಯಾಂಕ್ ಅಲ್ಲ, ಭಾರತ ಸರ್ಕಾರವೇ ಹೊರಡಿಸುತ್ತದೆ, ಅದರ ಮೇಲಿರುವುದು ಗವರ್ನರರ ಸಹಿಯಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ. 1994ರಲ್ಲಿ ನಿಂತಿದ್ದ ಅದರ ಮುದ್ರಣ 2015ರಲ್ಲಿ ಮತ್ತೆ ಶುರುವಾಯಿತು. ಎರಡು ರೂಪಾಯಿಯ ನೋಟಿನ ಮುದ್ರಣ 1995ರಲ್ಲಿ ನಿಂತಿತು. ಆದರೆ ಮುದ್ರಣ ನಿಲ್ಲುವುದು ಬೇರೆ, ಮಾನ್ಯತೆ ರದ್ದಾಗುವುದು ಬೇರೆ. ಅಂಗಡಿಯವರು ಮುಖ ಸಿಂಡರಿಸಿದರೂ ಕಾನೂನಿನ ಪ್ರಕಾರ ಇವು ಇಂದಿಗೂ ಹಣವೇ. 2005ಕ್ಕಿಂತ ಹಿಂದಿನ ನೋಟುಗಳ ಮಾತೂ ಹಾಗೆಯೇ. ಹಿಂಬದಿಯ ಕೆಳ ಅಂಚಿನಲ್ಲಿ ಮುದ್ರಣದ ವರ್ಷ ಇಲ್ಲದಿದ್ದರೆ ಅದು 2005ಕ್ಕಿಂತ ಹಿಂದಿನದು. ಅವುಗಳನ್ನು ಹಿಂತೆಗೆದುಕೊಳ್ಳುವುದಾಗಿ 2014ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು, 2016ರ ಜುಲೈ 1ರಿಂದ ವಿನಿಮಯದ ಸೌಲಭ್ಯವನ್ನು ತನ್ನ ನಿಗದಿತ ಕಚೇರಿಗಳಿಗೆ ಸೀಮಿತಗೊಳಿಸಿತು, ಆದರೆ ಮಾನ್ಯತೆಯನ್ನು ಕಸಿಯಲಿಲ್ಲ. 50 ಪೈಸೆಯ ಎಂಟಾಣೆಯೂ ಇನ್ನೂ ಕಾನೂನುಬದ್ಧ ನಾಣ್ಯ, ಒಂದು ಪಾವತಿಯಲ್ಲಿ ಹತ್ತು ರೂಪಾಯಿಯಷ್ಟನ್ನು ಅದರಲ್ಲಿ ಕೊಡಬಹುದು. ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಿಗೆ ಈ ಮಿತಿ ಸಾವಿರ ರೂಪಾಯಿ. ನಮ್ಮ ಜಿಲ್ಲೆಯಲ್ಲಿ ಹತ್ತು ರೂಪಾಯಿಯ ನಾಣ್ಯವನ್ನು ಬೇಡವೆನ್ನುವ ಅಂಗಡಿಗಳು ಈಗಲೂ ಇವೆ. 2018ರ ಜನವರಿಯ ಹೊತ್ತಿಗೆ ಬಿಡುಗಡೆಯಾಗಿದ್ದ ಅದರ 14 ವಿನ್ಯಾಸಗಳೂ ಮಾನ್ಯವೆಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೂ ಈ ಅನುಮಾನ ಹೋಗದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. 14440 ಸಂಖ್ಯೆಗೆ ಕರೆ ಮಾಡಿದರೆ ಇದೇ ಮಾಹಿತಿ ಧ್ವನಿಮುದ್ರಣದಲ್ಲಿ ಸಿಗುತ್ತದೆ.

ಈ ಗುಡ್ಡೆಯನ್ನು ಮಾಡುವಾಗ ಮಾಮ ಒಂದು ವಿಷಯವನ್ನು ಪ್ರೀತಿಯಿಂದ ತೋರಿಸಿದರು. ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ಇಂದು ಹದಿನೈದು ಭಾಷೆಗಳಿವೆ, ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸಿರುವುದರಿಂದ ಮೇಲಿನಿಂದ ನಾಲ್ಕನೆಯದು ಕನ್ನಡ, ಆರನೆಯದು ಕೊಂಕಣಿ. 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ ಕೊಂಕಣಿ ಆಯಿಯ ಕಟ್ಟಿನಲ್ಲಿದ್ದ ಎಪ್ಪತ್ತರ ದಶಕದ ನೋಟುಗಳಲ್ಲಿ ಇಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡುವ ಕಾರವಾರದ ಮನುಷ್ಯನಿಗೆ ಆ ಎರಡು ಸಾಲುಗಳು ಹತ್ತಿರಹತ್ತಿರ ಬಂದ ವರ್ಷಗಳನ್ನು ನೋಟಿನ ಮೇಲೆಯೇ ಓದುವುದು ಸಂತೋಷದ ಕೆಲಸವೆಂಬುದು ಅವರ ಮುಖದಲ್ಲಿಯೇ ಕಾಣುತ್ತಿತ್ತು.

ಒರಲೆ ತಿಂದ ನೋಟುಗಳ ವಿಷಯದಲ್ಲಿ ಅವರು ಕೊಟ್ಟ ಸಲಹೆ ನನಗೆ ನೇರವಾಗಿ ಹಣವನ್ನೇ ಉಳಿಸಿತು. ಹರಿದ, ತುಂಡಾದ ನೋಟುಗಳ ಮರುಪಾವತಿಗೆ 2009ರ ನಿಯಮಗಳಿವೆ, 2018ರಲ್ಲಿ ಅವು ತಿದ್ದುಪಡಿಯಾಗಿವೆ, ಅವನ್ನು ಪಾಲಿಸಬೇಕಾದದ್ದು ಎಲ್ಲ ಬ್ಯಾಂಕ್ ಶಾಖೆಗಳ ಕರ್ತವ್ಯ. ತಂದವರಿಗೆ ಅಲ್ಲಿ ಖಾತೆ ಇರಲೇಬೇಕೆಂದಿಲ್ಲ. ಇಪ್ಪತ್ತು ರೂಪಾಯಿ ಮತ್ತು ಅದಕ್ಕೆ ಕೆಳಗಿನ ನೋಟಿನಲ್ಲಿ ಉಳಿದ ಒಂದೇ ದೊಡ್ಡ ತುಂಡು ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ಣ ಮೌಲ್ಯ, ಇಲ್ಲವಾದರೆ ಏನೂ ಇಲ್ಲ. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ಣ ಮೌಲ್ಯ, 40ರಿಂದ 80ರ ನಡುವೆ ಉಳಿದಿದ್ದರೆ ಅರ್ಧ. ಹಳೆಯ ಅಳತೆಯ ನೂರರ ನೋಟು 15.7 ಸೆಂಟಿಮೀಟರ್ ಉದ್ದ, 7.3 ಸೆಂಟಿಮೀಟರ್ ಅಗಲ, ಅಂದರೆ ಸುಮಾರು 115 ಚದರ ಸೆಂಟಿಮೀಟರ್. ಅದರಲ್ಲಿ 92 ಉಳಿದರೆ ನೂರು ರೂಪಾಯಿ, 46 ಉಳಿದರೆ ಐವತ್ತು. ಮಾಮ ಪಾರದರ್ಶಕ ಹಾಳೆಯ ಮೇಲೆ ಚೌಕಗಳನ್ನು ಗೆರೆಹಾಕಿ ಇಟ್ಟುಕೊಂಡಿದ್ದಾರೆ. ಅದನ್ನು ಒಂದೊಂದು ನೋಟಿನ ಮೇಲೂ ಹರಡಿ ಎಣಿಸಿ, ಏಳಕ್ಕೆ ಪೂರ್ಣ, ಮೂರಕ್ಕೆ ಅರ್ಧ, ಒಂದಕ್ಕೆ ಏನೂ ಸಿಗದು ಎಂದು ಮೊದಲೇ ಹೇಳಿದರು. ನೋಟುಗಳನ್ನು ಅಂಟಿಸಬೇಡ, ತುಂಡುಗಳನ್ನು ಬೇರೆ ಬೇರೆ ಲಕೋಟೆಯಲ್ಲಿಟ್ಟು, ಕರೆನ್ಸಿ ಚೆಸ್ಟ್ (ರಿಸರ್ವ್ ಬ್ಯಾಂಕಿನ ಪರವಾಗಿ ನೋಟುಗಳನ್ನು ಇಟ್ಟುಕೊಳ್ಳುವ ಖಜಾನೆ) ಇರುವ ಶಾಖೆಗೇ ಒಯ್ಯಿ ಎಂದರು, ಏಕೆಂದರೆ ಐದಕ್ಕಿಂತ ಹೆಚ್ಚು ಹರಿದ ನೋಟುಗಳಿದ್ದರೆ ಸಣ್ಣ ಶಾಖೆಯವರು ಅವನ್ನು ಅಲ್ಲಿಗೇ ಕಳುಹಿಸುವುದುಂಟು. ಅವರು ಎಣಿಸಿದ ಹಾಗೆಯೇ 850 ರೂಪಾಯಿ ನನ್ನ ಕೈಗೆ ಬಂತು. ಸುಟ್ಟು ಕರಕಲಾದ, ಒಂದಕ್ಕೊಂದು ಅಂಟಿ ಬಿಡಿಸಲಾಗದ ನೋಟುಗಳನ್ನು ಮಾತ್ರ ರಿಸರ್ವ್ ಬ್ಯಾಂಕಿನ ಕಚೇರಿಗೇ ಕೊಡಬೇಕಾಗುತ್ತದೆ.

ಎರಡು ಸಾವಿರದ ಮೂರು ನೋಟುಗಳನ್ನು ನಾನು ಕಳೆದುಹೋದ ಹಣವೆಂದೇ ಲೆಕ್ಕ ಹಾಕಿದ್ದೆ. 2023ರ ಮೇ 19ರಂದು ಇವುಗಳನ್ನು ಹಿಂತೆಗೆದುಕೊಳ್ಳುವ ಪ್ರಕಟಣೆ ಬಂದಾಗ ಚಲಾವಣೆಯಲ್ಲಿದ್ದದ್ದು 3.56 ಲಕ್ಷ ಕೋಟಿ ರೂಪಾಯಿ ಮೌಲ್ಯದ ನೋಟುಗಳು. ಬ್ಯಾಂಕುಗಳಲ್ಲಿ ಬದಲಿಸುವ ಅವಧಿ ಅದೇ ವರ್ಷದ ಸೆಪ್ಟೆಂಬರ್ 30ಕ್ಕೆ ಮುಗಿಯಬೇಕಿದ್ದದ್ದು ಅಕ್ಟೋಬರ್ 7ರವರೆಗೆ ಮುಂದುವರಿಯಿತು. ಅನಂತರ ದೇಶದಲ್ಲಿರುವ ರಿಸರ್ವ್ ಬ್ಯಾಂಕಿನ 19 ವಿತರಣಾ ಕಚೇರಿಗಳಲ್ಲಿ ಮಾತ್ರ ಸ್ವೀಕಾರ. ಕರ್ನಾಟಕಕ್ಕೆ ಇರುವುದು ಬೆಂಗಳೂರಿನ ನೃಪತುಂಗ ರಸ್ತೆಯದೊಂದೇ. ಆರು ಸಾವಿರ ರೂಪಾಯಿಗಾಗಿ ರಾತ್ರಿ ಬಸ್ಸಿನಲ್ಲಿ ಹೋಗಿಬರಬೇಕೇ ಎಂದು ನಾನು ಕೇಳಿದೆ. ಮಾಮ ಮೇಜಿನ ಖಾನೆಯಿಂದ ಅರ್ಜಿಯ ಪ್ರತಿಯೊಂದನ್ನು ತೆಗೆದುಕೊಟ್ಟರು. ಯಾವ ಅಂಚೆ ಕಚೇರಿಯಿಂದಲಾದರೂ ನೋಟುಗಳನ್ನು ರಿಸರ್ವ್ ಬ್ಯಾಂಕಿನ ಕಚೇರಿಗೆ ಕಳುಹಿಸಬಹುದು, ಹಣ ನಮ್ಮ ಖಾತೆಗೆ ಜಮೆಯಾಗುತ್ತದೆ. ನಾನು ಈಗ ವಾಸವಿರುವ ಶಿರಸಿಯ ಅಂಚೆ ಕಚೇರಿಯಲ್ಲಿ, ಅರ್ಜಿ, ಗುರುತಿನ ಚೀಟಿಯ ಪ್ರತಿ ಮತ್ತು ಖಾತೆಯ ವಿವರದೊಂದಿಗೆ ವಿಮೆ ಮಾಡಿಸಿ ಕಳುಹಿಸಿದೆ. ಕೌಂಟರಿನಲ್ಲಿದ್ದ ಹುಡುಗಿ ನೋಟಿನ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ ಎಂದು ನೆನಪಿಸಿ, ಲಕೋಟೆಯ ಅಂಚುಗಳಿಗೆ ಅರಗು ಹಾಕಿಸಿದಳು. ಹದಿನೆಂಟನೆಯ ದಿನ ಹಣ ಖಾತೆಗೆ ಬಂತು. ಊರಿನಲ್ಲಿ ಈ ನೋಟುಗಳನ್ನು ಶೇಕಡಾ ಇಪ್ಪತ್ತು, ಮೂವತ್ತು ಮುರಿದುಕೊಂಡು ಬದಲಿಸಿಕೊಡುತ್ತೇವೆ ಎನ್ನುವವರು ಇದ್ದಾರೆ. ಅವರಿಗೆ ಒಂದು ರೂಪಾಯಿಯನ್ನೂ ಬಿಟ್ಟುಕೊಡುವ ಅಗತ್ಯವಿಲ್ಲ.

500ರ ಆರು ಮತ್ತು 1000ದ ಒಂದು ನೋಟನ್ನು ಮಾತ್ರ ಮಾಮ ಕೈಯಲ್ಲಿ ಹಿಡಿಯಲಿಲ್ಲ, ಬಟ್ಟೆಯ ಮೇಲಿದ್ದಂತೆಯೇ ಎಣಿಸಿದರು. 2016ರ ನವೆಂಬರ್ 8ರ ರಾತ್ರಿ ಮಾನ್ಯತೆ ಕಳೆದುಕೊಂಡ ಈ ನೋಟುಗಳನ್ನು ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರವರೆಗೆ ಅವಕಾಶವಿತ್ತು. ಅದು ಮುಗಿದ ಮೇಲೆ 2017ರಲ್ಲಿ ಬಂದ ಕಾಯ್ದೆಯ ಪ್ರಕಾರ ಇವನ್ನು ಇಟ್ಟುಕೊಳ್ಳುವುದೂ, ಕೊಡುವುದೂ, ಪಡೆಯುವುದೂ ನಿಷಿದ್ಧ. ಮುಖಬೆಲೆ ಯಾವುದಾದರೂ ಒಟ್ಟು ಹತ್ತು ನೋಟುಗಳಿಗೆ, ಅಧ್ಯಯನ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ ಇಪ್ಪತ್ತೈದಕ್ಕೆ ಮಾತ್ರ ವಿನಾಯಿತಿ. ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ನಮ್ಮಲ್ಲಿದ್ದದ್ದು ಏಳು, ಆದ್ದರಿಂದ ಮನೆಯಲ್ಲಿಡಬಹುದು, ಆದರೆ ಮಾರುವ ಮಾತೇ ಇಲ್ಲ. ಆ ನಾಲ್ಕು ಸಾವಿರ ರೂಪಾಯಿ ಆಯಿ ಹಾಲು ಮಾರಿ, ನಮಗ್ಯಾರಿಗೂ ಹೇಳದೆ ಸೀರೆಯ ಮಡಿಕೆಯಲ್ಲಿ ಕೂಡಿಟ್ಟದ್ದು. ಆ ವರ್ಷ ಅವಳು ಸೊಂಟ ಮುರಿದುಕೊಂಡು ಹಾಸಿಗೆಯಲ್ಲಿದ್ದಳು, ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾನು ಸುಮ್ಮನಾದದ್ದನ್ನು ನೋಡಿ ಮಾಮ ಆ ಏಳನ್ನೂ ತಾವೇ ಒಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಕೊಟ್ಟರು, ಹೊದಿಕೆಯ ಹಣವನ್ನು ತೆಗೆದುಕೊಳ್ಳಲಿಲ್ಲ.

ಇನ್ನು ನಾಣ್ಯಗಳು. ಬೆಳ್ಳಿಯ ರೂಪಾಯಿಗಳ ವಿಷಯದಲ್ಲಿ ಈ ಅಂಗಡಿಯವರ ತಿಳಿವಳಿಕೆಗೆ ಸಾಟಿಯಿಲ್ಲ. ಆ ಹತ್ತು ಕಲದಾರ ರೂಪಾಯಿಗಳ ಮೇಲೂ ಆಯಸ್ಕಾಂತವನ್ನು ತೂಗಾಡಿಸಿದರು, ಒಂದು ತಟ್ಟನೆ ಅಂಟಿಕೊಂಡಿತು. ಅದು 1947ರದು, ನಿಕ್ಕಲಿನದು. 1940ರಿಂದ 1945ರವರೆಗಿನ ಆರನೆಯ ಜಾರ್ಜನ ರೂಪಾಯಿಗಳಲ್ಲಿ ಅರ್ಧದಷ್ಟೇ ಬೆಳ್ಳಿ. ಅದಕ್ಕೂ ಹಿಂದಿನ ವಿಕ್ಟೋರಿಯಾ, ಏಳನೆಯ ಎಡ್ವರ್ಡ್ ಮತ್ತು ಐದನೆಯ ಜಾರ್ಜರ ರೂಪಾಯಿಗಳಲ್ಲಿ ಸಾವಿರಕ್ಕೆ 917 ಪಾಲು ಬೆಳ್ಳಿ. ತೂಕ ಮಾತ್ರ ಎಲ್ಲದಕ್ಕೂ ಒಂದೇ, 11.66 ಗ್ರಾಂ, ಅಂದರೆ ಒಂದು ತೊಲ. ಹಳೆಯ ಪಂಡಿತರು ಮದ್ದನ್ನು 'ರೂಪಾಯಿ ತೂಕ'ದಲ್ಲಿ ಹೇಳುತ್ತಿದ್ದದ್ದು ಇದರಿಂದಲೇ. ಹೀಗಾಗಿ ಹಳೆಯ ರಾಣಿ ಛಾಪಿನಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ, 1944ರದರಲ್ಲಿ 5.83 ಗ್ರಾಂ. ಎರಡನ್ನೂ ಒಂದೇ ದರಕ್ಕೆ ಕೇಳಿದ ಬಂಗಾರದ ಅಂಗಡಿಯವರ ಲೆಕ್ಕ ಎಲ್ಲಿ ತಪ್ಪಿತ್ತು ಎಂಬುದು ನನಗೆ ಆಗ ತಿಳಿಯಿತು. ವಿಕ್ಟೋರಿಯಾಳ ಎರಡರಲ್ಲಿ 1862ರದರ ಮೇಲೆ 'ಕ್ವೀನ್' ಎಂದೂ, 1900ರದರ ಮೇಲೆ 'ಎಂಪ್ರೆಸ್' ಎಂದೂ ಇದೆ. ಆ ಬಿರುದು 1877ರಿಂದ ಬದಲಾದದ್ದು.

ನಮ್ಮ ಮನೆಯವರ ಆಸೆಯೆಲ್ಲ ಐದನೆಯ ಜಾರ್ಜನ ಒಂದು ರೂಪಾಯಿಯ ಮೇಲಿತ್ತು. 1911ರ ಮೊದಲ ವಿನ್ಯಾಸದಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಅದನ್ನು ಹಿಂತೆಗೆದು, ಮರುವರ್ಷ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ತಿದ್ದಿದರು. ಆದ್ದರಿಂದ ಆ ವರ್ಷದ ರೂಪಾಯಿಗೆ ಸಂಗ್ರಹಕಾರರಲ್ಲಿ ಬೇಡಿಕೆ ಹೆಚ್ಚು. ನಾವು 1911 ಎಂದು ಓದಿದ್ದ ಸವಕಲು ಅಂಕಿಯನ್ನು ಮಾಮ ಭೂತಗನ್ನಡಿಯ ಕೆಳಗೆ ಬೆಳಕನ್ನು ಓರೆಯಾಗಿ ಬಿಟ್ಟು ತೋರಿಸಿದಾಗ ಅದು 1917 ಎಂದು ನನ್ನ ಕಣ್ಣಿಗೇ ಕಂಡಿತು. ಇದಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು ಮಾತಿನಿಂದ. ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಆಯಿ ಈ ರೂಪಾಯಿಗಳನ್ನು ಹುಣಸೆಹಣ್ಣು ಹಚ್ಚಿ, ವಿಭೂತಿಯಿಂದ ತಿಕ್ಕಿ ಫಳಫಳ ಹೊಳೆಯಿಸುತ್ತಿದ್ದಳು. ಹಾಗೆ ತಿಕ್ಕಿದ ನಾಣ್ಯದ ಮೇಲ್ಮೈಯ ಸೂಕ್ಷ್ಮ ಗೆರೆಗಳು ಹೋಗಿ, ಸಂಗ್ರಹದ ಬೆಲೆ ಅಳಿದು, ಬೆಳ್ಳಿಯ ಬೆಲೆ ಮಾತ್ರ ಉಳಿಯುತ್ತದೆ. ಅಜ್ಜನ ಲೆಕ್ಕದ ಪುಸ್ತಕದ ಚೀಲದಲ್ಲಿ ಯಾರ ಕೈಗೂ ಸಿಗದೆ ಕಪ್ಪುನೀಲಿ ಬಣ್ಣ ಕಟ್ಟಿಕೊಂಡಿದ್ದ 1907ರ ಎಡ್ವರ್ಡ್ ರೂಪಾಯಿಗೆ ಮಾಮ ಬೆಳ್ಳಿಯ ಬೆಲೆಯ ಸುಮಾರು ಎರಡರಷ್ಟು ಕೊಡುತ್ತೇನೆಂದರು. ಹೊಳೆಯುವ ಉಳಿದವುಗಳಿಗೆ ಅಂದಿನ ಬೆಳ್ಳಿ ದರದಲ್ಲಿ ಶೇಕಡಾ ಎಂಟು ಕಡಿತ. ಹಳೆಯ ನಾಣ್ಯ ಸಿಕ್ಕವರು ದಯವಿಟ್ಟು ಅದನ್ನು ತೊಳೆಯಬೇಡಿ, ತಿಕ್ಕಬೇಡಿ, ಒಣಬಟ್ಟೆಯಿಂದಲೂ ಉಜ್ಜಬೇಡಿ. ಸರದ ಕೊಂಡಿ ಬೆಸೆದಿದ್ದ ಎರಡು ರೂಪಾಯಿಗಳನ್ನಷ್ಟೇ ನಾನು ಮಾರಿದೆ. ಪೂಜೆಗೆ ಇಡುತ್ತಿದ್ದವು ಪೂಜೆಗೇ ಇರಲಿ ಎಂದು ತಂದಿಟ್ಟುಕೊಂಡೆ.

ಆಯಿ ದೇವರ ಗೂಡಿನಲ್ಲಿಟ್ಟಿದ್ದ, ರಾಮ ಸೀತೆ ಲಕ್ಷ್ಮಣ ಹನುಮಂತರ ಚಿತ್ರವಿರುವ, ಈಸ್ಟ್ ಇಂಡಿಯಾ ಕಂಪನಿ 1818 ಎಂದು ಬರೆದ ತಾಮ್ರದ ಬಿಲ್ಲೆಯೂ ನನ್ನಲ್ಲಿತ್ತು. ಅಂಥ ನಾಣ್ಯವನ್ನು ಕಂಪನಿ ಎಂದೂ ಟಂಕಿಸಿರಲಿಲ್ಲ, ಇವು ಆಮೇಲೆ ಯಾರೋ ಮಾಡಿ ಜಾತ್ರೆಗಳಲ್ಲಿ ಮಾರಿದವು. ಪೂಜೆಗೆ ಅಡ್ಡಿಯಿಲ್ಲ, ಆದರೆ ಹಣ ಕೊಟ್ಟು ಕೊಳ್ಳಬೇಡ ಎಂದರು. ಒಂದೂವರೆ ಕಿಲೋ ತೂಗಿದ ಎರಡು, ಮೂರು, ಐದು, ಹತ್ತು, ಇಪ್ಪತ್ತು ಪೈಸೆಗಳು ಮತ್ತು ನಾಲ್ಕಾಣೆಗಳು 2011ರ ಜೂನ್ 30ರಿಂದ ಹಣವಲ್ಲ, ಬ್ಯಾಂಕಿನಲ್ಲಿ ಬದಲಿಸುವ ದಾರಿಯೂ ಅಂದೇ ಮುಚ್ಚಿತು. ಅವುಗಳಲ್ಲಿ ಹಿತ್ತಾಳೆ ಬಣ್ಣದ ಕಮಲದ ಇಪ್ಪತ್ತು ಪೈಸೆಗಳನ್ನೂ, 1969ರ ಗಾಂಧೀಜಿಯ ಇಪ್ಪತ್ತು ಪೈಸೆಗಳನ್ನೂ ಮಾತ್ರ ಆರಿಸಿ ಕೊಂಡರು. ಬೆಲೆ ಅಲ್ಪ.

ಗೋವೆಯ ನಾಲ್ಕು ಬಿಲ್ಲೆಗಳು ಪೋರ್ಚುಗೀಸರ ಕಾಲದವು. ಅಲ್ಲಿ ಆಗ ನಡೆಯುತ್ತಿದ್ದದ್ದು 'ರೂಪಿಯಾ', ಅದಕ್ಕೆ ಹದಿನಾರು 'ತಾಂಗ', ನಮ್ಮ ರೂಪಾಯಿಗೆ ಹದಿನಾರಾಣೆ ಇದ್ದಂತೆ. ಆಮೇಲೆ ಒಂದು ರೂಪಿಯಾಕ್ಕೆ ಆರರ ಲೆಕ್ಕದಲ್ಲಿ 'ಎಸ್ಕುದೊ' ಬಂತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಗಿ ಭಾರತದ ರೂಪಾಯಿ ನೆಲೆಯಾಯಿತು. ಗಡಿಯೂರು ಮಾಜಾಳಿಯ ಆಚೆಗೆ ಬೇರೊಂದು ದೇಶವೇ ಇದ್ದ ಕಾಲದಲ್ಲಿ ಅಜ್ಜನ ಅಂಗಡಿಯ ಗಲ್ಲೆಗೆ ಬಿದ್ದವು ಇವು. ಇವುಗಳಿಗೆ ಮಾಮ ಹೇಳಿದ ಬೆಲೆ ನನಗೆ ಕಡಿಮೆಯೆನಿಸಿತು. ಪರದೇಶದ ನಾಣ್ಯಕ್ಕೆ ತಮ್ಮಲ್ಲಿ ಗಿರಾಕಿ ಅಪರೂಪವೆಂದು ಅವರೇ ಒಪ್ಪಿಕೊಂಡರು. ಗೋವೆಯ ಗಡಿಯಲ್ಲಿರುವ ಊರಿನ ಅಂಗಡಿಗೆ ಇದೊಂದು ಕೊರತೆಯೇ.

ಬೇರೆ ಕೊರತೆಗಳೂ ಇವೆ. ಬಾಗಿಲು ತೆರೆಯುವ ಹೊತ್ತು ನಿಶ್ಚಿತವಿಲ್ಲ, ಜೋರು ಮಳೆಯ ದಿನ ಮಧ್ಯಾಹ್ನವೇ ಮುಚ್ಚುತ್ತಾರೆ. ನನ್ನ ಎರಡನೆಯ ಪ್ರಯಾಣದಲ್ಲಿ ಶಿರಸಿಯಿಂದ ಘಟ್ಟ ಇಳಿದು ಬಂದು ಎರಡು ಗಂಟೆ ಜಗಲಿಯಲ್ಲಿ ಕಾಯಬೇಕಾಯಿತು. ಅವರು ಬೆಲೆ ನೋಡುವ ಪುಸ್ತಕ ಹಳೆಯದು, ನೋಟುಗಳ ಸಹಿ ಮತ್ತು ಅಕ್ಷರಸರಣಿಗಳನ್ನು ಹುಡುಕುವಾಗ ಅದರಲ್ಲಿ ಹೊಸ ಸಂಗತಿಗಳಿರಲಿಲ್ಲ. ರಸೀದಿ ಕೇಳಿದ ಮೇಲಷ್ಟೇ ಬರೆದುಕೊಟ್ಟರು. ಬರೆದದ್ದು ಮಾತ್ರ ಪೂರ್ತಿಯಾಗಿತ್ತು: ನಾಣ್ಯದ ವರ್ಷ, ತೂಕ, ಅಂದಿನ ದರ, ಕಡಿತ, ಸಹಿ. ಮಣ್ಣಿನಲ್ಲಿ ಸಿಕ್ಕ ವರಹ, ಹಣಗಳಂಥ ಹಳೆಯ ನಾಣ್ಯಗಳನ್ನು ಅವರು ಮುಟ್ಟುವುದೇ ಇಲ್ಲ. ಸೋಂದೆ, ಬನವಾಸಿಯ ಕಡೆಯವರು ತೋಟ ಅಗೆಯುವಾಗ ಸಿಕ್ಕಿದ್ದೆಂದು ತಂದರೆ, ರಾಜ್ಯದ ನಿಧಿ ಕಾಯ್ದೆಯ ಪ್ರಕಾರ ಅಂಥ ನಿಕ್ಷೇಪವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಹೇಳಿ ಕಳುಹಿಸುತ್ತಾರಂತೆ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ಮೂರನೆಯ ಸಲ ಹೋದದ್ದು ಮಾರುವುದಕ್ಕಲ್ಲ. ಯುದ್ಧಕಾಲದಲ್ಲಿ ಲೋಹ ಉಳಿಸಲು 1943ರಿಂದ ನಡುವೆ ತೂತಿಟ್ಟು ಹೊರಡಿಸಿದ ಕಾಸನ್ನು ಅಜ್ಜ ಉಡಿದಾರಕ್ಕೆ ಪೋಣಿಸಿಕೊಂಡು ಶಾಲೆಗೆ ಹೋಗುತ್ತಿದ್ದನೆಂದು ಆಯಿ ಹೇಳುತ್ತಿದ್ದಳು. ಸಂದೂಕದಲ್ಲಿ ಅದೊಂದು ಇರಲಿಲ್ಲ. ಮಾಮ ಡಬ್ಬಿಯೊಂದನ್ನು ಸುರಿದು, ಐದಾರನ್ನು ಭೂತಗನ್ನಡಿಯಲ್ಲಿ ನೋಡಿ, ಅಂಚು ಸವೆಯದ, ಯಾರೂ ತಿಕ್ಕದ ಕಂದು ಬಣ್ಣದ ಒಂದನ್ನು ಆರಿಸಿದರು. ಅರವತ್ತು ರೂಪಾಯಿ ತೆಗೆದುಕೊಂಡರು, ಕೇಳದೆಯೇ ರಸೀದಿ ಬರೆದರು. ಶಿರಸಿಗೆ ಬಂದು ಮಗಳ ಕೈಗೆ ಕೊಡುವಾಗ, ಅಂಚಿನಲ್ಲಿ ಹಿಡಿ ಎಂದು ಮೊದಲು ಹೇಳಿದೆ.